ಕೊಸರು ಹಾಕದ ಕೈ

ಬೀದಿ ಇನ್ನೂ ನಿದ್ದೆಗಣ್ಣಿನಲ್ಲಿದೆ. ಮಂಜು ಒಂದೊಂದು ಬಾಗಿಲಿಗೂ ಒರಗಿಕೊಂಡು ನಿಂತಿದೆ. ಯಾರ ಮನೆಯಲ್ಲೋ ಮಗುವೊಂದು ಕೆಮ್ಮಿ ಮತ್ತೆ ಮಲಗುತ್ತದೆ. ಮಾಂಸದಂಗಡಿಯ ಒಂಟಿ ಬಲ್ಬು ಆ ಮಂಜಿನೊಳಗೆ ಕರಗುತ್ತ ಉರಿಯುತ್ತಿದೆ. ಅದರ ಕೆಳಗೆ ಅಂಗಡಿಯ ಹಿರಿಯರು, ಬೀದಿಗೆಲ್ಲ ‘ಮಾವ’ ಆದವರು, ಎಳೆಗುರಿಯ ತೊಡೆಯ ತುಂಡನ್ನು ಮರದ ಕೊರಡಿನ ಮೇಲಿಟ್ಟು ಬಿಳಿ ಕೊಬ್ಬನ್ನು ಬಿಡಿಸುತ್ತಿದ್ದಾರೆ. ಮಲಗಿದವರಿಗೆ ಹೊದಿಕೆ ಸರಿಪಡಿಸುವವರ ಕೈಯಷ್ಟು ಮೆಲ್ಲಗೆ ಕತ್ತಿ ಆಡುತ್ತದೆ.

ಇದು ಎದುರು ಸಾಲಿನ ಟೈಲರ್ ಮನೆಯ ಪಾಲು. ಟೈಲರಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ಆಗಾಗ ಆಸ್ಪತ್ರೆಗೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರುತ್ತಾರೆ. ತೊಳೆಯುವಾಗ ಯಂತ್ರ ಮೈಯ ಸತ್ವವನ್ನೂ ಒಂದಿಷ್ಟು ಒಯ್ಯುತ್ತದಂತೆ. ಅದಕ್ಕೆ ಪಥ್ಯ ಹೇಳುವ ಮೇಡಂ, ಅವರ ರಕ್ತಪರೀಕ್ಷೆ ನೋಡಿ, ಅಂಗೈಯಗಲ ಎಳೆಗುರಿ ಮಾಂಸ ತಿನ್ನಲಿ ಎಂದಿದ್ದಾರೆ. ಕೊಬ್ಬು ಬೇಡ, ಲಿವರ್ ಬೇಡ, ಮೂಳೆ ಸಾರು ಬೇಡ, ಉಪ್ಪು ನಾಲಿಗೆಗೆ ತಾಗಿಯೂ ತಾಗದ ಹಾಗೆ.

ಮೊದಲ ಸಲ ಪೊಟ್ಟಣ ಬಿಚ್ಚಿದಾಗ ಟೈಲರ್ ಹೆಂಡತಿಯನ್ನು ಕರೆದು, "ಬಟ್ಟೆಯ ಇಡೀ ಥಾನು ಕೇಳಿದ್ರೆ ಮಾವ ಸ್ಯಾಂಪಲ್ ಕಳ್ಸಿದಾನೆ ನೋಡೇ" ಎಂದರಂತೆ.

ಆ ಮಾತು ಮಾವನ ಕಿವಿಗೂ ಬಿತ್ತು. ಅಪ್ಪನ ಕಾಲದ ಅಂಗಡಿ ಅದು. ತೂಗಿದ ಮೇಲೆ ಒಂದು ಚೂರು ಕೊಸರು ಹಾಕದಿದ್ದರೆ ವ್ಯಾಪಾರವೇ ಅಲ್ಲವೆಂದು ಅಪ್ಪ ಕಲಿಸಿದ್ದರು. ಬಲಗೈ ತಕ್ಕಡಿ ಹಿಡಿದರೆ ಎಡಗೈ ತಾನಾಗಿ ಕೊಸರು ಹಾಕುತ್ತದೆ. ಟೈಲರ್ ಪೊಟ್ಟಣಕ್ಕೂ ಬಿತ್ತು, ಒಮ್ಮೆ ಲಿವರ್, ಒಮ್ಮೆ ಮಜ್ಜೆ ತುಂಬಿದ ನಲ್ಲಿ ಮೂಳೆ. ಪಥ್ಯ ಗೊತ್ತಿದ್ದೂ ಮಾವನೇ ಹಾಕಿದ್ದಾರೆಂದರೆ ಅಡ್ಡಿಯಿಲ್ಲವೆಂದು ಟೈಲರ್ ಹೆಂಡತಿ ಎಲ್ಲವನ್ನೂ ಕುದಿಸಿದರು. ಬರಬರುತ್ತ ಟೈಲರಿಗೆ ಮೈಯೆಲ್ಲ ಕೆರೆತ, ಕಾಲಲ್ಲಿ ಬಾವು. ಮೇಡಂ ಕೆದಕಿ ಕೇಳಿದಾಗ ಕೊಸರಿನ ಸಂಗತಿ ಹೊರಬಿತ್ತು.

ಅಲ್ಲಿಂದ ಟೈಲರ್ ತಟ್ಟೆಯನ್ನೇ ದೂರ ತಳ್ಳಿದರು. ಯಾವ ತುತ್ತು ಕಂಡರೂ ಭಯ. ತಾವೇ ಹೊಲಿದುಕೊಂಡ ಅಂಗಿ ಯಾರದೋ ಅಂಗಿಯ ಹಾಗೆ ಹೆಗಲಿಂದ ಜಾರತೊಡಗಿತು. ಹೀಗೇ ಉಪವಾಸ ಬಿದ್ದರೆ ಯಂತ್ರವೂ ಅವರನ್ನು ಉಳಿಸಲಾರದು ಎಂದು ಮೇಡಂ ಹೇಳಿದರು. ಮಾವ ಅಂಗಡಿ ಮುಚ್ಚಿ ಆಸ್ಪತ್ರೆಗೆ ಹೋದರು. ಬೆಂಚಿನ ತುದಿಯಲ್ಲಿ ಕೂತು, ತಪ್ಪು ತಮ್ಮ ಕೈಯದು, ಹೇಗೆ ಕತ್ತರಿಸಬೇಕೋ ಹೇಳಿಕೊಡಿ ಎಂದು ಕೇಳಿದರು.

ಈಗ ಟೈಲರ್ ಪಾಲು ತೂಗುವಾಗ ಮಾವ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ.

"ಈ ಕೈ ಹೇಳಿದ ಮಾತು ಕೇಳಲ್ಲ. ನನ್ನ ಹೆಂಡ್ತಿ ಇದ್ದಾಗ ಅವಳ ಮಾತೂ ಕೇಳ್ತಿರ್ಲಿಲ್ಲ" ಎಂದು ನಗುತ್ತಾರೆ.

ಅಳತೆ ಅದೇ, ಕತ್ತರಿಸುವ ಬಗೆ ಬೇರೆ. ನಾರಿಗೆ ಅಡ್ಡಲಾಗಿ, ಉಸಿರು ಬಿಗಿಹಿಡಿದು, ಹಿಂದಿನ ಬೆಳಕು ಕಾಣುವಷ್ಟು ತೆಳ್ಳಗೆ ಕತ್ತರಿಸುತ್ತಾರೆ. ಅದೇ ಅಂಗೈಯಗಲ ಮಾಂಸ ತಟ್ಟೆಯ ಅಂಚಿನವರೆಗೆ ಹರಡುತ್ತದೆ. ಹೀಗೆ ಕಳಿಸಿದ ಪೊಟ್ಟಣಗಳೂ ಎಷ್ಟೋ ದಿನ ಮುಟ್ಟದೆ ಉಳಿದವು. ಮಾವ ಕಳಿಸುವುದನ್ನು ಬಿಡಲಿಲ್ಲ.

ಮಂಜು ಬೀದಿಯಿಂದ ಮೇಲೇಳುವ ಹೊತ್ತಿಗೆ ಟೈಲರ್ ಹೆಂಡತಿ ಬರುತ್ತಾರೆ. ಮುಖದಲ್ಲಿ ನಿದ್ದೆಯಿಲ್ಲ, ಆದರೂ ಏನೋ ಹೊಳಪು.

"ನಿನ್ನೆ ಯಾರು ಕತ್ತರಿಸಿದ್ದು ಅಂತ ಕೇಳಿದ್ರು ಮಾವ. ನೀವೇ ಅಂದೆ. ಒಂದು ಚೂರು ಎತ್ತಿ ದೀಪಕ್ಕೆ ಹಿಡಿದು ನೋಡಿದ್ರು. ಮಲ್‌ಮಲ್ ಬಟ್ಟೆ ಇದ್ದಂಗಿದೆ ಕಣೇ ಅಂದ್ರು. ಆಮೇಲೆ ಕೂತು ಎಲ್ಲಾ ತಿಂದ್ರು."

ಮಾವ ಆಗಲೇ ಒರೆಸಿದ್ದ ಕೊರಡನ್ನು ಮತ್ತೊಮ್ಮೆ ಒರೆಸುತ್ತಾರೆ. ಆಕೆ ಪೊಟ್ಟಣ ಹಿಡಿದು ರಸ್ತೆ ದಾಟುವ ತನಕ ನೋಡುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಮಾಂಸಕ್ಕೆ ಬಂದು ನಿಂತವರೊಬ್ಬರು ಕೇಳಿದರೆ, ತಮಗೆ ತಾವೇ ಎಂಬಂತೆ ಹೇಳುತ್ತಾರೆ:

"ಇಷ್ಟು ವರ್ಷ ಕತ್ತರಿಸಿ ಕೊಟ್ಟೆ, ಒಬ್ರು ಉಣ್ಣೋದನ್ನೂ ಕಣ್ಣಲ್ಲಿ ನೋಡಿಲ್ಲ. ಪೊಟ್ಟಣ ಹೋಗುತ್ತೆ, ಅಷ್ಟೇ. ಅವ್ನು ಉಣ್ಣೋದನ್ನ ಒಂದ್ಸಲ ನೋಡ್ಬೇಕು. ಒಳಗೇನೂ ಹೋಗಲ್ಲ, ಕಿಟಕಿಯಿಂದ ನೋಡಿದ್ರೂ ಸಾಕು."