ಬೇರಿಂಗಿನ ಮೇಲೆ ಬರಿಗೈ

ನನ್ನ ನಿವೃತ್ತಿಗೆ ಇನ್ನೊಂದೇ ವರ್ಷವಿತ್ತು ನೋಡ್ರಿ, ಆಗ ಕಾಗವಾಡದ ಕಡೆಯ ನಮ್ಮ ಸಕ್ಕರೆ ಕಾರ್ಖಾನೆಗೆ ವರ್ಷದ ತರಬೇತಿಗೆಂದು ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಬಂದಳು. ನಾನು ಅಲ್ಲಿ ಫೋರ್‌ಮನ್. ತಿರುಗುವ ಪಂಪಿನ ಬೇರಿಂಗ್ ಮೇಲೆ ಬರಿಗೈ ಇಟ್ಟು, "ಐವತ್ತು ಡಿಗ್ರಿ" ಎಂದು ಕಾವು ಹೇಳುವುದು ನನ್ನ ಹಳೆಯ ರೂಢಿ. ಹಾಗೆ ಮುಟ್ಟಬಾರದೆಂಬ ನಿಯಮವೂ ಇತ್ತೆನ್ನಿ. ನಾನು ಕೈ ಇಟ್ಟಾಗಲೆಲ್ಲ ಈಕೆ ಗಡಿಯಾರ ನೋಡಿ ಡೈರಿಯಲ್ಲಿ ಏನೋ ಗೀಚುತ್ತಿದ್ದಳು. ಕೊನೆಯ ವರ್ಷದಲ್ಲಿ ನನ್ನನ್ನು ಮನೆಗೆ ಅಟ್ಟಲು ಮ್ಯಾನೇಜರೇ ಇವಳನ್ನು ಬಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. "ಚಾ ತಗೋ ತಂಗಿ" ಎಂದು ದಿನಾ ಉಪಚಾರ ಶುರುಮಾಡಿದೆ. ಚಹಾ ಕುಡಿದಳು, ಗೀಚುವುದನ್ನು ಬಿಡಲಿಲ್ಲ.

ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟೆ: "ಖರೇ ಹೇಳವ್ವಾ, ನನ್ನ ಚಾಡಿ ಯಾರಿಗೆ ಹೇಳಾಕತ್ತಿ?"

ಅವಳು ಕಕ್ಕಾಬಿಕ್ಕಿಯಾಗಿ ಡೈರಿ ಮುಂದಿಟ್ಟಳು. "ಚಾಡಿ ಅಲ್ರಿ ಸರ್! ನೀವು ಹೇಳಿದ ಕಾವು ಬರಕೊಂಡು, ಆಮ್ಯಾಲ ಥರ್ಮಾಮೀಟರ್ ಹಚ್ಚಿ ನೋಡ್ತೀನ್ರಿ. ಈ ವಿದ್ಯಾ ಕಾಲೇಜಿನಾಗ ಕಲಿಸೂದಿಲ್ರಿ. ನಿಮ್ಮ ಕೈ ಎರಡ ಸಲ ಅಷ್ಟ ತಪ್ಪೇತ್ರಿ."

ಎದೆ ಹಗುರಾಯಿತು. ಆಮೇಲೆ ಮನೆಯಲ್ಲಿ ಕೂತು ಆ ಎರಡು ಸಲದ ಬಗ್ಗೆ ಯೋಚಿಸಿದೆ. ಆವತ್ತಿನಿಂದ ಅವಳ ಮೇಲಿದ್ದ ಅನುಮಾನವೆಲ್ಲ ಆ ಥರ್ಮಾಮೀಟರಿನ ಮೇಲೆ.