ಅಳಿಯಂದಿರ ಮದ್ದು

ಒಂದು ಬಟ್ಟಲು ಕುದುರೆ ಮದ್ದಿನಿಂದ ನನ್ನ ಮದುವೆ ಮುರಿದುಬೀಳುವುದರಲ್ಲಿತ್ತು. ತಪ್ಪು ಯಾರದೆಂದು ನಮ್ಮ ಮನೆಯಲ್ಲಿ ಇನ್ನೂ ವಾದವಿದೆ. ಅಮ್ಮ ಅಪ್ಪನದು ಎನ್ನುತ್ತಾಳೆ, ಅಪ್ಪ ಕುದುರೆಯದು ಎನ್ನುತ್ತಾರೆ. ನನ್ನನ್ನು ಕೇಳಿದರೆ ತಪ್ಪು ಕನ್ನಡದ್ದು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾವು ಬೆಂಗಳೂರಿನ ಜೋಗುಪಾಳ್ಯದಲ್ಲಿದ್ದೆವು. ಅಪ್ಪನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ನನಗೆ ವಿಮಾ ಕಚೇರಿಯಲ್ಲಿ. ಭಾನುವಾರವಾದರೆ ಅಪ್ಪ ರಿಚರ್ಡ್ಸ್ ಟೌನಿನ ಒಬ್ಬ ಹಿರಿಯರ ಜೊತೆ ಚೆಸ್ ಆಡಲು ಹೋಗುತ್ತಿದ್ದರು. ಅವರು ಬಂಗಲೆ ಮಾರಿ ಆಸ್ಟ್ರೇಲಿಯಾಕ್ಕೆ ಹೊರಟಾಗ, ನೆನಪಿಗೆ ಚೆಸ್ ಬೋರ್ಡ್ ಕೊಡುತ್ತಾರೆಂದು ಅಪ್ಪ ಆಸೆಪಟ್ಟು ಹೋದರು. ಹತ್ತು ವರ್ಷ ಆಡಿದರೂ ಎದುರಾಳಿಯ ಕುದುರೆ ಹೊಡೆಯುವುದು ಕಲಿಯದ ನಮ್ಮಪ್ಪ, ಅವತ್ತು ಆ ಹಿರಿಯರು ಸಾಕಿದ್ದ ನಿಜವಾದ ಕುದುರೆಯನ್ನೇ ಹಗ್ಗ ಹಿಡಿದು ಹಲಸೂರಿನ ಮೂಲಕ ನಡೆಸಿಕೊಂಡು ಬಂದರು.

ಅದು ನನ್ನ ಸೊಂಟದೆತ್ತರವೂ ಇರಲಿಲ್ಲ. ಮರಿಯಲ್ಲ, ವಯಸ್ಸಾದ ಗಂಡು ಕುದುರೆ. ಆ ತಳಿಯೇ ಅಷ್ಟು ಎತ್ತರವಂತೆ. ಬೀದಿಯವರು ನಂಬಲಿಲ್ಲ. ಹುಲ್ಲು ತಂದುಕೊಡುತ್ತಿದ್ದ ಶಿವಾಜಿನಗರದ ಸಾಬರು ಬಂದಾಗಲೆಲ್ಲ "ಘೋಡಾ ಹೈ ಕೀ ಬಕ್ರಾ ಹೈ ಜೀ?" ಎಂದು, ಕುದುರೆಯೋ ಮೇಕೆಯೋ ಎಂದು, ಕೇಳಿಯೇ ಹೊರೆ ಇಳಿಸುತ್ತಿದ್ದರು. ಹಿತ್ತಿಲಲ್ಲಿ ಹಳೆಯ ದನದ ಕೊಟ್ಟಿಗೆಯೊಂದಿತ್ತು, ಅಲ್ಲಿ ಕಟ್ಟಿದೆವು. ಮೊದಲ ವಾರವೇ ಅಮ್ಮ ಅದಕ್ಕೊಂದು ಬಿರುದು ಕೊಟ್ಟಳು. ಹೊತ್ತಿಗೆ ಸರಿಯಾಗಿ ತಿನ್ನುವುದು, ಕೆಲಸ ಮಾಡದಿರುವುದು, ಸ್ವಲ್ಪ ತಡವಾದರೆ ಮುಖ ತಿರುಗಿಸುವುದು, ಎಲ್ಲ ಸೇರಿ ಅದು ಅವಳಿಗೆ ಮನೆ ಅಳಿಯನಾಗಿ ಕಂಡಿತು. ನಾನು ಒಬ್ಬಳೇ ಮಗಳು, ಗಂಡು ಹುಡುಕುತ್ತಿದ್ದ ಕಾಲ. "ನಿಜವಾದವ್ರು ಬರೋವರೆಗೆ ಇವ್ರೇ ನಮ್ಮ ಅಳಿಯಂದ್ರು" ಎಂದಳು. ಹಾಗೇ ನಿಂತಿತು.

ಕುದುರೆಯ ಜೊತೆ ಮೂರು ದೊಡ್ಡ ಡಬ್ಬಗಳೂ ಬಂದಿದ್ದವು. ಒಳಗೆ ಒಣಹುಲ್ಲಿನ ವಾಸನೆಯ ಹಸಿರು ಕಾಳುಗಳು, ವಿದೇಶದಿಂದ ತರಿಸಿದ ಜಂತುಹುಳುವಿನ ಮದ್ದು. ದಿನಾ ಬೆಳಿಗ್ಗೆ ತಿಂಡಿಯ ಜೊತೆ ತೂಕಕ್ಕೆ ತಕ್ಕಷ್ಟು ಹಾಕಬೇಕು, ಒಂದು ದಿನವೂ ತಪ್ಪಬಾರದು ಎಂದು ಆ ಹಿರಿಯರು ಚೀಟಿ ಬರೆದು ಅಂಟಿಸಿದ್ದರು. ಪಶುವೈದ್ಯರನ್ನು ಕೇಳಿದರೆ, "ನಮ್ಮಲ್ಲಿ ಎರಡು ಮೂರು ತಿಂಗಳಿಗೊಂದ್ಸಲ ಕೊಟ್ರೂ ನಡೆಯುತ್ತೆ. ಆದ್ರೆ ಶುರು ಮಾಡಿದೀರಲ್ಲ, ಡಬ್ಬ ಮುಗಿಯೋವರ್ಗೂ ಬಿಡ್ಬೇಡಿ" ಎಂದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಶಿಫ್ಟು ತಪ್ಪಿಸದ ಅಪ್ಪನಿಗೆ ಇಷ್ಟು ಸಾಕಾಯಿತು. ಅಮ್ಮನ ಹೊಲಿಗೆಯ ಟೇಪಿನಿಂದ ಅಳಿಯಂದಿರ ಹೊಟ್ಟೆ ಅಳೆದು ತೂಕ ಲೆಕ್ಕ ಹಾಕಿದರು. ಕೊಟ್ಟಿಗೆಯ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ ದಿನಕ್ಕೊಂದು ಟಿಕ್ ಹಾಕತೊಡಗಿದರು.

ಹಾಕುವ ಕೆಲಸ ಮಾತ್ರ ನನ್ನದು. ಬೂಸಾದಲ್ಲಿ ಬೆರೆಸಿಟ್ಟರೆ ಅಳಿಯಂದಿರು ತುಟಿಯಿಂದಲೇ ಆರಿಸಿ ಬೂಸಾ ತಿಂದು, ಹಸಿರು ಕಾಳನ್ನೆಲ್ಲ ತಳದಲ್ಲಿ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಅಷ್ಟು ನೀಟಾಗಿ ಅಮ್ಮ ಕೂಡ ಅಕ್ಕಿ ಆರಿಸಿದ್ದಿಲ್ಲ. ಕೊನೆಗೆ ಬೆಲ್ಲ ನೆನೆಸಿ ಅದರಲ್ಲಿ ಕಲಸಿಕೊಟ್ಟರೆ ಮೋಸಹೋಗುತ್ತಾರೆಂದು ಪತ್ತೆಹಚ್ಚಿದೆ.

ಇನ್ನು ಕನ್ನಡದ ವಿಷಯ. ಅಮ್ಮ ಪುತ್ತೂರಿನ ಕಡೆಯವಳು. ಅಲ್ಲಿ ಕೆಮ್ಮಿಗೂ ಮದ್ದು, ತಲೆನೋವಿಗೂ ಮದ್ದು. ಔಷಧಿಯ ಅಂಗಡಿಯೇ ಮದ್ದಿನಂಗಡಿ. ಆದರೆ ಈಚೆ ಕಡೆ, ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೂ, "ಮದ್ದು ಹಾಕಿದ್ದಾರೆ" ಎಂದರೆ ಅರ್ಥವೇ ಬೇರೆ. ಊಟದಲ್ಲಿ ಏನೋ ಬೆರೆಸಿ ಗಂಡಸನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆ ಎಂದು. ಹೆಂಡತಿಯ ಮಾತು ಕೇಳುವ ಪ್ರತಿ ಗಂಡನ ಬೆನ್ನ ಹಿಂದೆಯೂ ಈ ಮಾತು ಓಡಾಡುತ್ತಿರುತ್ತದೆ. ಇಪ್ಪತ್ತೈದು ವರ್ಷ ಇಲ್ಲಿದ್ದರೂ ಅಮ್ಮನಿಗೆ ಅದು ತಲೆಗೆ ಹೋಗಿರಲಿಲ್ಲ.

ಹುಬ್ಬಳ್ಳಿ ಕಡೆಯ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದ, ತಾಯಿಯ ಜೊತೆ ಕೆ.ಆರ್. ಪುರದಲ್ಲಿ ಮನೆ. ನೋಡಲು ಬಂದ ದಿನ ಅಮ್ಮ ಕೊಟ್ಟಿಗೆಯ ಬಾಗಿಲು ಹಾಕಿಸಿದಳು. ಕುದುರೆ ಕಂಡರೆ ಸರ್ಕಸ್ಸಿನವರೆಂದು ತಿಳಿದಾರು ಎಂಬ ಭಯ ಅವಳಿಗೆ. ನಡುಮನೆಯಲ್ಲಿ ಹುಡುಗ ನನ್ನನ್ನು ಒಂದೇ ಪ್ರಶ್ನೆ ಕೇಳಿದ.

"ನಿಮಗ ಸಿಟ್ಟು ಬರ್ತದೇನ್ರಿ?"

"ಬರುತ್ತೆ. ಬೇಗ ಬರುತ್ತೆ."

"ಛಲೋ ಆತು. ನನಗ ಬರಂಗಿಲ್ಲ. ಮನ್ಯಾಗ ಒಬ್ಬರಿಗರೆ ಬರಬೇಕಲ್ರಿ."

ಅಷ್ಟಕ್ಕೇ ನಾನು ಅವನನ್ನು ಒಪ್ಪಿಬಿಟ್ಟೆ. ಅಲ್ಲಿಯವರೆಗೆ ಬಂದ ನಾಲ್ಕು ಗಂಡುಗಳೂ ನನಗೆ ಸಂಗೀತ ಬರುತ್ತದೆಯೇ ಎಂದು ಕೇಳಿದ್ದರು.

ಅವನ ತಾಯಿ ಕೈ ತೊಳೆಯಲು ಹಿತ್ತಿಲಿಗೆ ಹೋದರು. ನಾನು ತಿಂಡಿ ತರಲು ಅಡುಗೆಮನೆಗೆ ಹೋದೆ. ಅಡುಗೆಮನೆಯ ಕಿಟಕಿ ಹಿತ್ತಿಲಿಗೆ ತೆರೆಯುತ್ತದೆ. ಅಮ್ಮ ಪಿಸುಮಾತಿನಲ್ಲಿ ಕೇಳಿದಳು. ಅವಳ ಪಿಸುಮಾತು ಪಕ್ಕದ ಬೀದಿಗೂ ಕೇಳಿಸುತ್ತದೆ.

"ಅಳಿಯಂದ್ರಿಗೆ ಮದ್ದು ಹಾಕಿ ಆಯ್ತಾ ಮಾರಾಯ್ತಿ?"

"ಇನ್ನೂ ಇಲ್ಲಮ್ಮ. ಬೆಲ್ಲದಲ್ಲಿ ಕಲಸಿಟ್ಟಿದೀನಿ. ಹಾಗೇ ಕೊಟ್ರೆ ಅವನಿಗೆ ಗೊತ್ತಾಗ್ಬಿಡುತ್ತೆ."

"ಒಂದು ದಿನವೂ ತಪ್ಪಿಸ್ಬೇಡ. ತಪ್ಪಿಸಿದ್ರೆ ಇಷ್ಟು ದಿನ ಹಾಕಿದ್ದೆಲ್ಲ ದಂಡ."

ನಾನು ಕೇಸರಿಬಾತಿನ ತಟ್ಟೆಗಳನ್ನು ಹಿಡಿದು ನಡುಮನೆಗೆ ಬಂದೆ. ಹುಡುಗ ಚಮಚವನ್ನು ಬಾಯಿಯವರೆಗೆ ಒಯ್ದಿದ್ದ. ಹಿತ್ತಿಲಿನಿಂದ ಅವನ ತಾಯಿ ಓಡಿಬಂದು ತಟ್ಟೆ ಕಿತ್ತುಕೊಂಡರು.

"ಬ್ಯಾಡ್ರಿ! ಅವಗ ಹೊಟ್ಟಿ ಸರಿ ಇಲ್ಲ. ನಂದು ಇವತ್ತ ಉಪವಾಸ ಅದ. ನಾವು ಬರ್ತೀವ್ರಿ."

ನೀರು ಕೂಡ ಮುಟ್ಟದೆ ಹೊರಟುಹೋದರು. ಅಪ್ಪ ಕೇಸರಿಬಾತ್ ಬಾಯಿಗೆ ಹಾಕಿಕೊಂಡು, ಸಕ್ಕರೆ ಸರಿಯಾಗಿಯೇ ಇದೆಯಲ್ಲ ಎಂದರು. ಏನಾಯಿತೆಂದು ನಮಗ್ಯಾರಿಗೂ ತಿಳಿಯಲಿಲ್ಲ.

ಮೂರನೆಯ ದಿನ, ಶುಕ್ರವಾರ, ಹುಡುಗ ನನ್ನ ಕಚೇರಿಗೆ ಫೋನ್ ಮಾಡಿದ. "ತಪ್ಪು ತಿಳೀಬ್ಯಾಡ್ರಿ. ಅವತ್ತ ಹಿತ್ತಲದಾಗ ನಮ್ಮವ್ವಗ ಒಂದು ಮಾತು ಕೇಳಿಸ್ತಂತ. ನೀವು ಅಳಿಯಗ ಮದ್ದು ಹಾಕ್ತೀರೇನ್ರಿ?"

ನಿಧಾನವಾಗಿ ಬಿಡಿಸಿ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನಗೆ ಪಿತ್ತ ನೆತ್ತಿಗೇರಿತು. ನಮ್ಮಮ್ಮ ಮಾಟ ಮಾಡಿಸುವವಳೇ? "ಹೌದ್ರೀ, ಹಾಕ್ತೀವಿ. ದಿನಾ ಹಾಕ್ತೀವಿ, ಬೆಲ್ಲದಲ್ಲಿ!" ಎಂದು ಫೋನ್ ಕುಕ್ಕಿದೆ. ಇಡೀ ಸೆಕ್ಷನ್ ತಲೆಯೆತ್ತಿ ನೋಡಿತು.

ಹತ್ತು ನಿಮಿಷದಲ್ಲಿ ಸಿಟ್ಟು ಇಳಿಯಿತು, ಅಳು ಬಂತು. ನನಗೆ ಆ ಹುಡುಗ ಬೇಕಾಗಿತ್ತು. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ, ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಅರ್ಧ ದಿನ ಕಚೇರಿ. ಮನೆಗೆ ಬಂದು ಮದ್ದಿನ ಡಬ್ಬ ಎತ್ತಿಕೊಂಡು ಹಲಸೂರಿನಲ್ಲಿ ಬಸ್ಸು ಹತ್ತಿದೆ. ಮದುವೆಯ ಮಾತು ನಡೆಯುತ್ತಿರುವಾಗ ಹೆಣ್ಣು ತಾನಾಗಿ ಗಂಡಿನ ಮನೆಗೆ ಹೋಗುವುದು ಎಂಥ ಮರ್ಯಾದೆಗೇಡು ಎಂದು ಗೊತ್ತಿತ್ತು, ಆದರೂ ಹೋದೆ. ಟಿನ್ ಫ್ಯಾಕ್ಟರಿ ಸ್ಟಾಪು ಬಂದಾಗ ಕಂಡಕ್ಟರ್ ನನ್ನ ತೊಡೆಯ ಮೇಲಿನ ತಗಡಿನ ಡಬ್ಬ ನೋಡಿ, "ರಿಪೇರಿಗಾ ಮೇಡಂ?" ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಬಾಗಿಲು ತೆರೆದ ಹುಡುಗನ ತಾಯಿಯ ಮುಂದೆ ಡಬ್ಬ ಇಟ್ಟೆ. "ಇದೇ ಆ ಮದ್ದು. ಓದಿಸಿ ನೋಡಿ." ಹುಡುಗ ಓದಿದ. ಕುದುರೆಗಳಿಗೆ ಮಾತ್ರ, ದಿನಕ್ಕೊಮ್ಮೆ, ಹೊಟ್ಟೆಯ ಹುಳುವಿಗೆ.

"ಕುದರಿಗೆ ಹಾಕೂದನ್ನ ಅಳಿಯಗ ಹಾಕ್ತೀರೇನ?" ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಅಳಿಯಾನೇ ಕುದುರೆ!"

"ನನ್ನ ಮಗಗ ಕುದರಿ ಅಂತೀಯಾ? ನನ್ನ ಮನಿಗೇ ಬಂದು?"

ಹುಡುಗ ಸೋಫಾದ ಮೇಲೆ ಬಿದ್ದು ನಗತೊಡಗಿದ. ನಾನು ಮೊದಲಿನಿಂದ ಹೇಳಿದೆ. ಚೆಸ್ಸು, ಆಸ್ಟ್ರೇಲಿಯಾ, ಪುತ್ತೂರಿನ ಮದ್ದಿನಂಗಡಿ, ಎಲ್ಲ. ಅವರು ಕೇಳಿದರು, ಆದರೆ ನಂಬಲಿಲ್ಲ. ಸೊಂಟದೆತ್ತರದ ಕುದುರೆ ಇರುತ್ತದೆ ಎನ್ನುವುದನ್ನಂತೂ ಸುತರಾಂ ನಂಬಲಿಲ್ಲ.

"ನಾಳೆ ಮುಂಜಾನೆ ಬರ್ತೀನಿ. ನನ್ನ ಕಣ್ಣ ಮುಂದ ಹಾಕಬೇಕು. ಡಬ್ಬಿ ಇಲ್ಲೇ ಇರಲಿ."

ಭಾನುವಾರ ಏಳು ಗಂಟೆಗೆ ಡಬ್ಬ ಅಪ್ಪಿಕೊಂಡು ಬಂದರು, ಹಿಂದೆ ಮಗ. ಅಪ್ಪ ಅಳೆದರು, ನಾನು ಬೆಲ್ಲದಲ್ಲಿ ಕಲಸಿ ಬಟ್ಟಲು ಹಿಡಿದೆ. ಹೊಸಬರನ್ನು ಕಂಡ ಅಳಿಯಂದಿರು ಬಟ್ಟಲಿಗೆ ಮೂಗು ತಾಗಿಸಿ ಮುಖ ತಿರುಗಿಸಿದರು. ಮತ್ತೆ ಹಿಡಿದೆ. ಮತ್ತೆ ತಿರುಗಿಸಿದರು. "ಇವತ್ತಿನ ಟಿಕ್ಕು ಹೋಯ್ತು" ಎಂದು ಅಪ್ಪ ಗೊಣಗಿದರು. ಆ ಪ್ರಾಣಿ ತಿನ್ನದಿದ್ದರೆ ನಾವು ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು.

ಹುಡುಗನ ತಾಯಿ ಸ್ವಲ್ಪ ಹೊತ್ತು ಕುದುರೆಯನ್ನೇ ನೋಡಿದರು. "ಯಾಕಪಾ, ನಿನಗೂ ನನ್ನಂಗ ಅನುಮಾನೇನು?" ಎಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು, ಅಂಗೈಯಲ್ಲಿ ಒಂದು ತುತ್ತು ಹಿಡಿದರು. ಅಳಿಯಂದಿರು ತಿಂದರು. ಇನ್ನೊಂದು ತುತ್ತು, ಅದನ್ನೂ ತಿಂದರು. ಬಟ್ಟಲು ಮುಗಿಸಿ ಬಳೆಯವರೆಗೂ ನೆಕ್ಕಿದರು.

"ಅಯ್ಯ, ನಾನ ಅಳಿಯಗ ಮದ್ದು ಹಾಕಿಧಂಗ ಆತಲ್ಲೋ!" ಎಂದು ಅವರು ಮಗನ ಕಡೆ ತಿರುಗಿದರು. ಆಮೇಲೆ ನಗು ತಡೆಯಲಾರದೆ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಎದ್ದು ಕೈ ತೊಳೆದುಕೊಂಡು ಅಮ್ಮನನ್ನು ಕೇಳಿದರು, "ಅವತ್ತಿನಂಥ ಶಿರಾ ಮತ್ತೊಮ್ಮೆ ಮಾಡ್ತೀರೇನ್ರಿ?" ಅಮ್ಮ ಅಳುತ್ತಾ ಕೇಸರಿಬಾತಿಗೆ ರವೆ ಹುರಿದಳು.

ಮದುವೆಯಾಯಿತು. ಅಮ್ಮ "ಅಳಿಯಂದ್ರೇ" ಎಂದರೆ ನಡುಮನೆಯಿಂದ ಒಂದು ತಲೆ, ಕೊಟ್ಟಿಗೆಯಿಂದ ಒಂದು ತಲೆ ಏಳುತ್ತಿತ್ತು. ಮೂರೂ ಡಬ್ಬ ಒಂದು ದಿನವೂ ತಪ್ಪದೆ ಮುಗಿದವು. ಕುದುರೆ ಇನ್ನೂ ಕೆಲವು ವರ್ಷ ಚೆನ್ನಾಗಿ ಬದುಕಿ ಹೋಯಿತು. ಅವತ್ತು ಅಪ್ಪ ಅತ್ತರು, ನಾನೂ ಅತ್ತೆ.

ಹತ್ತು ವರ್ಷದ ಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಏಳುತ್ತಿರಲಿಲ್ಲ, ದಿನಾ ಬೆಳಿಗ್ಗೆ ಮಾತ್ರೆ ತಪ್ಪಿಸುವಂತಿರಲಿಲ್ಲ. ನರ್ಸು ಕೊಟ್ಟರೆ ಉಗಿಯುತ್ತಿದ್ದರು, ಮಗ ಕೊಟ್ಟರೆ ಮುಖ ತಿರುಗಿಸುತ್ತಿದ್ದರು. ಡಾಕ್ಟರನ್ನು ಕೇಳಿ ನಾನು ಮಾತ್ರೆ ಪುಡಿಮಾಡಿ ಬೆಲ್ಲದಲ್ಲಿ ಕಲಸಿ ಒಯ್ದೆ. ಅವರು ಬಟ್ಟಲು ನೋಡಿದರು, ನನ್ನನ್ನು ನೋಡಿದರು.

"ಮದ್ದು ಹಾಕೀಯೇನವಾ?"

"ಹಾಕಿದೀನಿ ಅತ್ತೆ."

"ಹಂಗಾರ ಕೊಡು" ಎಂದು ಬಾಯಿ ತೆರೆದರು.