ಹೊಸ್ತಿಲಿಗೆ ಮುತ್ತು ಕೊಡುವ ಭಕ್ತ

ನಮ್ಮ ಮನೆತನದಲ್ಲಿ ಒಬ್ಬ ಮಹಾಭಕ್ತ ಹುಟ್ಟಿದ್ದಾನೆ. ವಯಸ್ಸು ಹತ್ತು ತಿಂಗಳು.

ಹೆಸರು ವಿಶ್ವಾರಾಧ್ಯ. ಅಷ್ಟು ದೊಡ್ಡ ಹೆಸರು ಹೊರುವ ಮೈ ಇನ್ನೂ ಬಂದಿಲ್ಲ, ಹಾಗಾಗಿ ಸದ್ಯಕ್ಕೆ ವಿಶು. ಶಹಾಪುರದಲ್ಲಿರುವ ನನ್ನ ಅಕ್ಕ ನೀಲಮ್ಮನ ಮೊಮ್ಮಗ. ಅಂಬೆಗಾಲಿಡುತ್ತಾನೆ, ಸಿಕ್ಕವರ ಕನ್ನಡಕ ಕಿತ್ತುಕೊಳ್ಳುತ್ತಾನೆ, ಕೆಳಗೆ ಎರಡು ಹಲ್ಲು ಬಂದಿವೆ. ಇಷ್ಟೇ ಆಗಿದ್ದರೆ ಅವನ ಮೇಲೆ ಅಂಕಣ ಬರೆಯುವ ಅಗತ್ಯವಿರಲಿಲ್ಲ.

ಈಚೆಗೆ ಅಕ್ಕ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೋ ಹಾಕಿದಳು. ವಿಶು ಪಡಸಾಲೆಯಿಂದ ತೆವಳುತ್ತಾ ತಲೆಬಾಗಿಲಿಗೆ ಬರುತ್ತಾನೆ. ಹೊಸ್ತಿಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ತಲೆ ಬಗ್ಗಿಸಿ ಅದಕ್ಕೆ ತುಟಿ ಹಚ್ಚುತ್ತಾನೆ. ಹಿಂದಿನಿಂದ ಅಕ್ಕನ ದನಿ ಕೇಳುತ್ತದೆ:

"ನೋಡ್ರಿ, ನೋಡ್ರಿ! ಹೊಸ್ತಿಲಿಗಿ ಮುತ್ತು ಕೊಡಾಕತ್ತಾನ ನನ್ನಪ್ಪ! ದೊಡ್ಡವರಿಗೇ ಇಲ್ಲದ ಭಕ್ತಿ ಕೂಸಿಗಿ ಬಂದದ!"

ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳ ಮಳೆ. ಕೆಂಭಾವಿಯ ಚಿಕ್ಕಮ್ಮ "ಹಿಂದಿನ ಜನ್ಮದಾಗ ಯಾವುದೋ ಮಠದಾಗ ಇದ್ದಾನ" ಎಂದು ತೀರ್ಪು ಕೊಟ್ಟಳು. ದೇವರ ತಂಟೆಗೆ ಹೋಗದ ನಾನು ಕೂಡ ಎರಡು ಕೈ ಮುಗಿದೆ. (ಫ್ಯಾಮಿಲಿ ಗ್ರೂಪಿನಲ್ಲಿ ಸುಮ್ಮನಿದ್ದರೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತಿರಬೇಕು.)

ಈ ಹೊಸ್ತಿಲಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೊಸ್ತಿಲನ್ನು ಯಾರೂ ತುಳಿಯುವುದಿಲ್ಲ, ದಾಟುತ್ತಾರೆ. ಅದು ಮನೆಯ ಲಕ್ಷ್ಮಿ. ದಿನಾ ತೊಳೆದು, ಅರಿಶಿನ ಬಳಿದು, ಕುಂಕುಮ ಇಡಬೇಕು. ಆದರೆ ಅರಿಶಿನ ನಿಲ್ಲುತ್ತದೆಯೇ? ಮಧ್ಯಾಹ್ನದೊಳಗೆ ಮಾಯ. ಯಾವ ಕಾಲದಲ್ಲೋ ಯಾವ ಪುಣ್ಯಾತ್ಮನಿಗೋ ಒಂದು ಉಪಾಯ ಹೊಳೆಯಿತು. ಅರಿಶಿನದ ಬದಲು ಹಳದಿ ಎಣ್ಣೆ ಬಣ್ಣ, ಕುಂಕುಮದ ಬದಲು ಕೆಂಪು ಬಣ್ಣದ ಬೊಟ್ಟು. ವರ್ಷಪೂರ್ತಿ ಲಕ್ಷ್ಮಿ ಲಕಲಕ ಹೊಳೆಯುತ್ತಾಳೆ. ದಸರೆಗೆ ಮುಂಚೆ ಹಳೆಯದರ ಮೇಲೇ ಇನ್ನೊಂದು ಕೈ ಬಳಿದರೆ ಮುಗಿಯಿತು. ಅಕ್ಕನ ಓಣಿ ತುಂಬ ಇದೇ ಹಳದಿ. ನಿಮ್ಮ ಓಣಿಯಲ್ಲಿ ಇಲ್ಲವೇ?

ಇನ್ನೊಂದು ಪದ್ಧತಿಯೂ ಇದೆ. ಕೂಸು ಮೊದಲ ಸಲ ಹೊಸ್ತಿಲು ದಾಟಿದ ದಿನ ಮನೆಯಲ್ಲಿ ಹೋಳಿಗೆ ಆಗಬೇಕು. ಅಕ್ಕ ಶೇಂಗಾ ಹುರಿದು, ಕುಟ್ಟಿ, ಬೆಲ್ಲ ಕೂಡಿಸಿ ಡಬ್ಬಿ ತುಂಬಿಟ್ಟು ಕಾದಳು. ಭಕ್ತ ಮಾತ್ರ ಹೊಸ್ತಿಲ ತನಕ ಬರುತ್ತಿದ್ದ, ಅಲ್ಲೇ ನಿಲ್ಲುತ್ತಿದ್ದ. ಆಚೆ ಬೀದಿಯಲ್ಲಿ ನಾಯಿ, ಆಟೋ, ಐಸ್‌ಕ್ರೀಮ್ ಗಾಡಿ ಏನೇ ಹೋದರೂ ಅವನಿಗೆ ಬೇಡ. ಮುತ್ತು ಕೊಡುವುದರಲ್ಲೇ ಮಗ್ನ.

"ದಾಟ್ತಾನ ಬಿಡು, ಅವಸರೇನದ? ದೇವರ ಹತ್ತಿರ ಕುಂತಾನ," ಎನ್ನುತ್ತಿದ್ದಳು ಅಕ್ಕ.

ಸೂಜಿ ಹಾಕಿಸುವ ದಿನ ಬಂತು. ಅಕ್ಕ ಕೂಸನ್ನೂ ಸೊಸೆ ಗೀತಾಳನ್ನೂ ಕರೆದುಕೊಂಡು ಯಾದಗಿರಿಗೆ ಬಂದಳು. ನಾನು ಇರುವುದು ಇಲ್ಲೇ, ಆದ್ದರಿಂದ ಡ್ರೈವರ್ ಕೆಲಸ ನನ್ನದು. ಮಕ್ಕಳ ಡಾಕ್ಟರಮ್ಮ ಚುರುಕು ಹೆಂಗಸು. ಸೂಜಿ ಹಾಕಿದರು, ವಿಶು ಅತ್ತ, ಎಲ್ಲ ಮುಗಿಯಿತು. ಎದ್ದು ಬರುವಷ್ಟರಲ್ಲಿ ಅಕ್ಕ ಮೊಬೈಲ್ ತೆಗೆದಳು. ಮೊಮ್ಮಗನ ಕೀರ್ತಿ ಶಹಾಪುರಕ್ಕಷ್ಟೇ ಯಾಕೆ ಸೀಮಿತವಾಗಬೇಕು?

ಡಾಕ್ಟರಮ್ಮ ಮೊದಲು ನಕ್ಕರು. ಆಮೇಲೆ ಮೊಬೈಲನ್ನು ತಮ್ಮ ಕೈಗೆ ತೆಗೆದುಕೊಂಡು ಮತ್ತೊಮ್ಮೆ ನೋಡಿದರು. ನಗು ಹೋಗಿತ್ತು. ಕೂಸಿನ ಬಾಯಿ ತೆರೆದು ಟಾರ್ಚ್ ಹಿಡಿದರು.

"ದಿನಾ ಹಿಂಗ ಮಾಡ್ತಾನೇನ್ರಿ?"

"ದಿನಾ! ಸ್ನಾನ ಆದ ಕೂಡಲೇ ಅಲ್ಲೇ ಹೋಗ್ತಾನ್ರಿ. ಭಾಳ ಭಕ್ತಿ."

"ಅಮ್ಮಾ, ಇದು ಭಕ್ತಿ ಅಲ್ರಿ. ರುಚಿ. ಹಳೇ ಎಣ್ಣಿ ಬಣ್ಣದಾಗ ಸೀಸ ಇರ್ತದ, ಹಳದಿ, ಕೆಂಪಿನಾಗ ಜಾಸ್ತಿ. ಅದು ಬಾಯಿಗಿ ಸಿಹಿ ಹತ್ತತದ ಅಂತಾರ. ನಿಮ್ಮ ಹುಡುಗ ಮುತ್ತು ಕೊಡಾಕತ್ತಿಲ್ಲ, ಹೊಸ್ತಿಲಾ ನೆಕ್ಕಾಕತ್ತಾನ."

ಗೀತಾ ಕೂಸನ್ನು ಎದೆಗೆ ಒತ್ತಿಕೊಂಡಳು. ಅಕ್ಕ ಅಷ್ಟು ಸುಲಭಕ್ಕೆ ಸೋಲುವವಳಲ್ಲ.

"ಸೀಸ ಅಂದ್ರ ಸೀಸದಕಡ್ಡಿ ಒಳಗಿಂದಲ್ರೀ? ಈ ನಮ್ಮ ತಮ್ಮ ಸಣ್ಣವಿದ್ದಾಗ ದಿನಾ ಅದನ್ನ ತಿಂತಿದ್ದ. ಇಂವಗೇನಾಗ್ಯದ?"

ಡಾಕ್ಟರಮ್ಮ ನನ್ನನ್ನು ಒಮ್ಮೆ ನೋಡಿದರು. (ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.) ಪೆನ್ಸಿಲ್‌ನಲ್ಲಿ ಹೆಸರಿಗಷ್ಟೇ ಸೀಸ, ಒಳಗಿರುವುದು ಬೇರೆ ಎಂದು ತಿಳಿಸಿದರು. ನಿಜವಾದ ಸೀಸ ಕೂಸಿನ ಹೊಟ್ಟೆಗೆ ಹೋದರೆ ರಕ್ತ ಸೇರುತ್ತದೆ, ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ. ಜ್ವರ ಬರುವುದಿಲ್ಲ, ಗುಳ್ಳೆ ಏಳುವುದಿಲ್ಲ. ಕೂಸು ಆಡಿಕೊಂಡೇ ಇರುತ್ತದೆ. ಮುಂದೆ ಶಾಲೆಗೆ ಹೋದಾಗ ಓದು ಹತ್ತುವುದಿಲ್ಲ, ಒಂದು ಕಡೆ ಕೂರಲು ಆಗುವುದಿಲ್ಲ. ಆಗ ನಾವು ಮೇಷ್ಟ್ರನ್ನು ಬೈಯುತ್ತೇವೆ.

"ರಕ್ತ ತೆಗದು ಹೈದರಾಬಾದ್ ಲ್ಯಾಬಿಗೆ ಕಳಸ್ತೀನಿ. ಬಣ್ಣದ ಒಂದು ಚೂರೂ ತಂದು ಕೊಡ್ರಿ, ಟೆಸ್ಟ್ ಮಾಡಸೂಣು. ಅಲ್ಲೀತನ ಕೂಸು ಆ ಬಾಗಲಾ ಕಡೆ ಹೋಗಬಾರದು. ಮತ್ತ ಕೇಳ್ರಿ, ಗಡಬಡಿಸಿ ಒಣಾದು ಕೆರೀಬ್ಯಾಡ್ರಿ, ಸುಡಬ್ಯಾಡ್ರಿ. ಧೂಳೆದ್ರ ನೆಕ್ಕೂದಕ್ಕಿಂತ ಕೆಟ್ಟ."

ಅಷ್ಟು ಸಣ್ಣ ಕೈಯಿಂದ ರಕ್ತ ತೆಗೆಯುವುದನ್ನು ನೋಡಬೇಕಾಯಿತು. ವಿಶುವಿಗಿಂತ ಹೆಚ್ಚು ಅತ್ತವಳು ಅಕ್ಕ.

ಶಹಾಪುರಕ್ಕೆ ನಾನೇ ಬಿಡಲು ಹೋದೆ. ದಾರಿಯಲ್ಲೇ ಗೀತಾ ಗಂಡನಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದಳು. ಅಕ್ಕನ ಮಗ ಮಲ್ಲು ಬಸ್‌ಸ್ಟ್ಯಾಂಡ್ ಹತ್ತಿರ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾವು ಮನೆ ಮುಟ್ಟುವ ಹೊತ್ತಿಗೆ ಅವನು ಅಂಗಡಿಯಿಂದ ಗ್ರೈಂಡರ್ ತಂದು, ವೈರ್ ಎಳೆದು, ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಸ್ವಿಚ್ ಒತ್ತುವುದೊಂದೇ ಬಾಕಿ.

"ಏ ಮಲ್ಲ್ಯಾ, ತಗೀ ಕೈ!" ಎಂದು ನಾನು ಕಾರಿನಿಂದಲೇ ಕೂಗಿದೆ.

"ಯಾಕ ಮಾಮಾ? ಐದು ಮಿನಿಟಿನಾಗ ಸಪಾಟ ಮಾಡ್ತೀನಿ!"

ಮಗನ ಮೇಲಿನ ಪ್ರೀತಿ ನೋಡಿ! ಆ ಐದು ಮಿನಿಟಿನಲ್ಲಿ ವಿಷವನ್ನು ಹಿಟ್ಟು ಮಾಡಿ ತೊಟ್ಟಿಲು, ಹಾಸಿಗೆ, ನೀರಿನ ಕೊಡ, ಎಲ್ಲದರ ಮೇಲೂ ಉದುರಿಸುತ್ತಿದ್ದ. ಡಾಕ್ಟರ್ ಹೇಳಿದ್ದನ್ನು ವಿವರಿಸಿದಾಗ ಅವನ ಮುಖ ಬಿಳಿಚಿತು. ಗ್ರೈಂಡರನ್ನು ಹಾವಿನಂತೆ ದೂರ ಇಟ್ಟ.

ಹಾಗಾದರೆ ಹೊಸ್ತಿಲನ್ನೇ ಕಿತ್ತು ಬೇರೆ ಹಾಕೋಣ ಎಂದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಅಡ್ಡ ನಿಂತಳು.

"ಇದೇ ಹೊಸ್ತಿಲ ಮ್ಯಾಲ ಸೇರು ಒದ್ದು ಒಳಗ ಬಂದೀನಿ. ನಮ್ಮತ್ತಿ ಕೈ ಹಿಡದು ಇದನ್ನ ಪೂಜಿ ಮಾಡೂದು ಕಲಿಸ್ಯಾಳ. ಇದು ವಿಷಾ ಅಂತ ಯಾರ ಬಾಯಾಗೂ ಬರಬಾರದು. ಮೊದಲ ರಿಪೋರ್ಟ್ ಬರಲಿ."

ವಾದ ಮಾಡಿ ಫಲವಿಲ್ಲ. ಹಳೆಯ ಮಂಚದ ಹಲಗೆಯೊಂದನ್ನು ಬಾಗಿಲಿಗೆ ಅಡ್ಡ ಇಟ್ಟರು. ಒಳಗೆ ಭಕ್ತ ಹಲಗೆಗೆ ತಲೆ ಚಚ್ಚಿಕೊಂಡು ಅತ್ತ. ಹೊರಗೆ ಅಕ್ಕ ಬಣ್ಣದ ಚೂರು ತೆಗೆಯಲು ಕೂತಳು. ಒದ್ದೆ ಬಟ್ಟೆ ಹಿಡಿದು, ಏಳುತ್ತಿದ್ದ ಒಂದು ಅಂಚನ್ನು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿದಳು. ಚೂರಿನ ಅಂಚಿನಲ್ಲಿ ಚಿರೋಟಿಯ ಹಾಗೆ ಪದರದ ಮೇಲೆ ಪದರ. ಅವಳು ಕನ್ನಡಕ ಏರಿಸಿಕೊಂಡು ಓದತೊಡಗಿದಳು.

"ಇದು ವಿಶುನ ಹೆಸರಿಡೂ ಮುಂದ ಹಚ್ಚಿದ್ದು. ಈ ಗಾಢ ಹಳದಿ ಮಲ್ಲ್ಯಾನ ಲಗ್ನದ್ದು. ಇದು ನಮ್ಮ ಮನಿಯವರು ತೀರಿಕೊಂಡ ವರ್ಷ, ಹಬ್ಬ ಇಲ್ಲಂತ ತೆಳ್ಳಗ ಒಂದೇ ಕೈ ಹಚ್ಚಿದ್ವಿ. ತಳದಾಗಿನ ಹಸಿರು ನಮ್ಮತ್ತಿ ಕಾಲದ್ದು."

ಸುಖದುಃಖವೆಲ್ಲ ಪದರ ಪದರವಾಗಿ ಅವಳ ಅಂಗೈಯಲ್ಲಿತ್ತು. ಅದನ್ನು ವಿಷವೆಂದು ಒಪ್ಪಿಕೋ ಎಂದು ಯಾವ ಬಾಯಲ್ಲಿ ಹೇಳುವುದು?

ಹೇಳುವ ಕೆಲಸವನ್ನು ಲ್ಯಾಬ್ ಮಾಡಿತು. ಬಣ್ಣದಲ್ಲಿ ಸೀಸ ಭರ್ತಿ ಇತ್ತು. ಕೂಸಿನ ರಕ್ತದಲ್ಲಿಯೂ ಇತ್ತು. "ಗಾಬರಿ ಬ್ಯಾಡ, ತಡಾನೂ ಬ್ಯಾಡ. ಬಾಯಿಗಿ ಹೋಗೂದು ನಿಂತ್ರ ನಿಧಾನಕ್ಕ ಇಳೀತದ," ಎಂದರು ಡಾಕ್ಟರಮ್ಮ ಫೋನಿನಲ್ಲಿ. ಕಬ್ಬಿಣದ ಟಾನಿಕ್ ಹೇಳಿದರು, ಸ್ವಲ್ಪ ಕಾಲ ಬಿಟ್ಟು ಮತ್ತೆ ರಕ್ತ ನೋಡೋಣ ಎಂದರು. ಅಕ್ಕ ಸ್ಪೀಕರ್‌ನಲ್ಲಿ ಎಲ್ಲ ಕೇಳಿದಳು. ಎದ್ದು ಹೋಗಿ ಹೊಸ್ತಿಲಿಗೆ ಕಾಯಿ ಒಡೆದಳು.

"ತಾಯಿ, ನಿನ್ನ ಮ್ಯಾಲ ಸಿಟ್ಟಿಲ್ಲ. ನಾ ಹಚ್ಚಿದ್ದು ನಾನೇ ತಗೀತೀನಿ," ಎಂದು ಹಣೆ ಹಚ್ಚಿದಳು. ಆಮೇಲೆ ಮಗನ ಕಡೆ ತಿರುಗಿ, "ಚಾಂದಪಾಶಾನ ಕರಿ," ಎಂದಳು.

ಪೇಂಟರ್ ಚಾಂದಪಾಶಾ ಸುರಪುರದವನು. ಬಂದವನೇ ಜೇಬಿನಿಂದ ಸ್ಯಾಂಡ್ ಪೇಪರ್ ತೆಗೆದ. ಬೇಡವೆಂದೆವು. ಬೆಂಕಿ ಉಗುಳುವ ಬ್ಲೋ ಲ್ಯಾಂಪ್ ತೆಗೆದ. ಅದೂ ಬೇಡವೆಂದೆವು. ಮೂಗಿಗೆ ಮಾಸ್ಕ್ ಹಾಕು ಎಂದದ್ದಕ್ಕೆ ಅವನಿಗೆ ಅವಮಾನವಾಯಿತು.

"ಹುಟ್ಟಿದಾಗಿಂದ ಬಣ್ಣದಾಗೇ ಇದ್ದೀನ್ರಿ ಸಾಹೇಬ್ರ. ನನಗೇನಾಗ್ಯದ?"

"ನಿಂಗ ಮೊಮ್ಮಕ್ಕಳು ಅದಾವಿಲ್ಲೋ? ಇದೇ ಅಂಗಿ ಮ್ಯಾಲ ಮನಿಗಿ ಹೋಗಿ ಎತ್ತಿಕೊಳ್ತೀಯಿಲ್ಲೋ?" ಎಂದಳು ಅಕ್ಕ. ಚಾಂದಪಾಶಾ ತೆಪ್ಪಗೆ ಮಾಸ್ಕ್ ಹಾಕಿಕೊಂಡ. ಕೆಲಸದ ಅಂಗಿಯನ್ನು ಅಲ್ಲೇ ಬಿಚ್ಚಿ, ಕೈಕಾಲು ತೊಳೆದು ಹೋಗುತ್ತಿದ್ದ.

ಗೀತಾ ಕೂಸನ್ನು ಎತ್ತಿಕೊಂಡು ವಡಗೇರಾದ ತವರಿಗೆ ಹೋದಳು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿದೆವು. ನೀರು ಸಿಂಪಡಿಸುವುದು, ಒದ್ದೆ ಇರುವಾಗಲೇ ಕೆರೆಯುವುದು, ಮತ್ತೆ ನೀರು. ಬಾಗಿಲ ಚೌಕಟ್ಟಿಗೂ ಅದೇ ಉಪಚಾರ. ದಿನದ ಕೆಲಸ ವಾರದ ಕೆಲಸವಾಯಿತು. ದೊಡ್ಡ ಜಗಳ ನಡೆದದ್ದು ಕಸಬರಿಗೆಯ ವಿಷಯಕ್ಕೆ. ಗುಡಿಸಿದರೆ ಧೂಳೇಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಕು, ಅಷ್ಟೇ. ಮುಂಜಾನೆ ಎದ್ದು ಬಾಗಿಲು ಗುಡಿಸಬಾರದು ಎಂದರೆ ಅಕ್ಕನಿಗೆ ಉಸಿರಾಡಬೇಡ ಅಂದಂತೆ. ಕೊನೆಗೆ ಮಲ್ಲು ಕಸಬರಿಗೆಯನ್ನು ತನ್ನ ಅಂಗಡಿಗೆ ಒಯ್ದು ಬಚ್ಚಿಟ್ಟ.

ಕೆರೆದ ಚೂರೆಲ್ಲ ಒಂದು ಡಬ್ಬಿಯಲ್ಲಿ ಕೂಡಿತು. ನಾನು ಕೈ ತೊಳೆದು ಬರುವಷ್ಟರಲ್ಲಿ ಡಬ್ಬಿ ಇಲ್ಲ! ಹುಡುಕಿದರೆ ಅಕ್ಕ, ಓಣಿಯೆಲ್ಲ ನೀರು ಸೇದುವ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಡಬ್ಬಿಯ ಮುಚ್ಚಳ ತೆಗೆದು ನಿಂತಿದ್ದಾಳೆ.

"ಅಕ್ಕಾ!"

"ಹೊಸ್ತಿಲಿಂದಪ್ಪ ಇದು. ಕಸದಾಗ ಹಾಕಾಕ ಆಗ್ತದೇನು? ಗಂಗವ್ವಗ ಬಿಡಬೇಕು."

ಗಣಪತಿಗೆ ಏರಿಸಿದ ಹೂವು, ಹಳೆಯ ದೇವರ ಪಟ, ಒಡೆದ ಬಳೆ ಎಲ್ಲ ನೀರಿಗೇ ತಾನೇ ಹೋಗುವುದು? ಕೂಸಿನ ಬಾಯಿಂದ ತೆಗೆದದ್ದನ್ನು ಇಡೀ ಓಣಿಯ ಬಾಯಿಗೆ ಹಾಕುತ್ತಿದ್ದಳು, ಅದೂ ಭಕ್ತಿಯಿಂದ. ನಾನು ಡಬ್ಬಿ ಕಿತ್ತುಕೊಂಡು, ಮುಚ್ಚಳ ಬಿಗಿದು, ಟೇಪ್ ಸುತ್ತಿ, ಮೇಲೆ "ವಿಷ" ಎಂದು ಬರೆದು ಕಸದ ಗಾಡಿಯವರಿಗೆ ಬೇರೆಯಾಗಿ ಕೊಟ್ಟೆ. ಅವರು ಅದನ್ನು ಬಾಂಬಿನ ಹಾಗೆ ಹಿಡಿದುಕೊಂಡು ಹೋದರು.

ಬಣ್ಣ ಹೋದ ಮೇಲೆ ಒಳಗಿನಿಂದ ಸಾಗವಾನಿಯ ಹೊಸ್ತಿಲು ಎದ್ದು ಬಂತು. ಅಂಚಿಗೆ ಬಳ್ಳಿಯ ಕೆತ್ತನೆ ಬೇರೆ! ಅದು ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಈಗ ಅಕ್ಕ ದಿನಾ ಅರಿಶಿನವನ್ನೇ ಬಳಿಯುತ್ತಾಳೆ. ಬಣ್ಣ ಏರಲಿ ಎಂದು ಅಂಗಡಿಯ ಬಿಡಿ ಅರಿಶಿನ ಪುಡಿಗೂ ಸೀಸದ ಹಳದಿ ಬೆರೆಸುವವರಿದ್ದಾರೆ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರಿಂದ, ಅರಿಶಿನ ಕೊಂಬು ತಂದು ಮನೆಯಲ್ಲೇ ಕುಟ್ಟುತ್ತಾಳೆ. ತವರಿನಿಂದ ಬಂದ ವಿಶು ಅರಿಶಿನದ ಹೊಸ್ತಿಲನ್ನು ಒಂದು ಸಲ ನೆಕ್ಕಿ, ಮುಖ ಕಿವುಚಿ, ದಾಟಿ ಹೋದ. ಅವತ್ತು ನಾನು ತಿಂದ ಹೋಳಿಗೆಗೆ ಲೆಕ್ಕವಿಲ್ಲ.

ಮನೆ ಬಣ್ಣದಲ್ಲಿ ಸೀಸ ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ಸರ್ಕಾರ ಕೆಲವು ವರ್ಷಗಳ ಹಿಂದೆಯೇ ಮಿತಿ ಹಾಕಿದೆ. ಒಳ್ಳೆಯದು. ಈಗ ಡಬ್ಬಿಯ ಮೇಲೆ ಓದಿ ತರಬಹುದು. ಆದರೆ ಕೆಳಗಿನ ಪದರಗಳಿಗೆ ಆ ಕಾನೂನು ಯಾರು ಓದಿ ಹೇಳುತ್ತಾರೆ? ಹಳೆಯ ಬಾಗಿಲು, ಕಿಟಕಿಯ ಸರಳು, ತಲೆಮಾರಿನಿಂದ ಬಂದ ತೊಟ್ಟಿಲು, ಎಲ್ಲೆಲ್ಲಿ ಬಣ್ಣ ಹಪ್ಪಳದ ಹಾಗೆ ಏಳುತ್ತಿದೆಯೋ ಅಲ್ಲೆಲ್ಲ ಒಮ್ಮೆ ಬಗ್ಗಿ ನೋಡಿ. ಕೂಸು ಕೂರುವ ಎತ್ತರಕ್ಕೆ ಬಗ್ಗಿ ನೋಡಿ. ಅಕ್ಕನಂತೂ ಈಗ ಓಣಿಯ ಇನ್‌ಸ್ಪೆಕ್ಟರ್. ಕೂಸಿರುವ ಮನೆಗಳಿಗೆ ನುಗ್ಗಿ ಹೊಸ್ತಿಲು ತಪಾಸಣೆ ಮಾಡುತ್ತಾಳೆ.

ವಿಶುವಿನ ಎರಡನೆಯ ರಿಪೋರ್ಟ್ ಮೊನ್ನೆ ಬಂತು. ಸೀಸ ಇಳಿದಿದೆ. ಸಂತೋಷಕ್ಕೆ ನಾನು ಶಹಾಪುರಕ್ಕೆ ಓಡಿದೆ. ಮಲ್ಲು ಅಂಗಡಿಯಿಂದ ಊಟಕ್ಕೆ ಬಂದಿದ್ದ. ರೊಟ್ಟಿ ಬಡಿಸುತ್ತಿದ್ದ ಅಕ್ಕ ಏನನ್ನಿಸಿತೋ, ಅವನ ತಲೆಯ ಮೇಲೆ ಕೈ ಇಟ್ಟಳು. ತೆಗೆಯಲೇ ಇಲ್ಲ.

"ಯಾಕವ್ವ? ಜ್ವರ ಗಿರ ಇಲ್ಲ ನನಗ," ಎಂದು ನಕ್ಕು ಅವನು ಉಂಡು ಎದ್ದು ಹೋದ.

ಅಕ್ಕ ಅವನ ತಾಟನ್ನು ಹತ್ತಿರ ಎಳೆದುಕೊಂಡು ಕೂತಳು.

"ತಮ್ಮಾ, ಮಲ್ಲ್ಯಾನೂ ಕೂಸಿದ್ದಾಗ ಹಿಂಗೇ ಆ ಹೊಸ್ತಿಲ ಕಡದುಕೋತ ಕೂಡ್ತಿದ್ದ. ನಾನೂ ನಮ್ಮತ್ತಿ ಕೂಡಿ ನಗ್ತಿದ್ವಿ. ಮುಂದ ಸಾಲ್ಯಾಗ ಮಗ್ಗಿ ತಲಿಗಿ ಹತ್ತಲಿಲ್ಲ. ದಡ್ಡ, ದಡ್ಡ ಅಂತ ಎಷ್ಟು ಹೊಡದೀನಿ ಅವನಿಗಿ."

ಅವಳ ಕೈ ಹಿಡಿದುಕೊಂಡೆ. "ಅದಕ್ಕೂ ಇದಕ್ಕೂ ಸಂಬಂಧ ಅದ ಅಂತ ಈಗ ಯಾರೂ ಹೇಳಾಕ ಆಗೂದಿಲ್ಲಕ್ಕಾ," ಎಂದೆ.

"ಇಲ್ಲಂತ ಹೇಳಾಕರೆ ಆಗ್ತದೇನು?"